ಮೂಕಪ್ಪ ಹಳೇ ಟ್ರಾಕ್ಟರು ಆರಿಸಿದ್ದು

ನ್ಯಾಮತಿ ಸುತ್ತಮುತ್ತ ಎತ್ತು ಕೊಳ್ಳುವವರು ಮೊದಲು ಮೂಕಪ್ಪನ ಮನೆಗೆ ಹೋಗುತ್ತಿದ್ದರು. ಹಲ್ಲು ನೋಡಿ ವಯಸ್ಸು ಹೇಳುವುದು, ನಡಿಗೆ ನೋಡಿ ಮೈಗಳ್ಳತನ ಹೇಳುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅವನು ಆರಿಸಿಕೊಟ್ಟ ಎತ್ತು ನೊಗದಡಿ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ.

ಮಹಾಯುದ್ಧ ಮುಗಿದ ಎರಡನೇ ವರ್ಷ ಮೂಕಪ್ಪನ ಊರಿಗೆ ದನದ ದೊಡ್ಡ ರೋಗ ಬಂತು. ಹದಿನೈದೇ ದಿನದಲ್ಲಿ ಮೂಕಪ್ಪನ ಜೋಡಿ ಎತ್ತು ಹೋದವು. ಅಕ್ಕಪಕ್ಕದ ಮೂರು ಮನೆಗಳ ಕೊಟ್ಟಿಗೆಗಳೂ ಬರಿದಾದವು. ಮುಂಗಾರು ಹತ್ತಿರ ಬಂತು. ಹೊಲ ಹಾಗೇ ಬಿದ್ದಿತ್ತು.

ಆಗ ಒಂದು ಸುದ್ದಿ ಬಂತು. ಹೊನ್ನಾಳಿಯಲ್ಲಿ ಒಬ್ಬ ಕಂತ್ರಾಟುದಾರ ಕೆರೆ ಏರಿಯ ಕೆಲಸ ಮುಗಿಸಿ, ತನ್ನ ಹಳೇ ಟ್ರಾಕ್ಟರು ಮಾರುತ್ತಾನಂತೆ. ನಾಲ್ಕು ಮನೆಯವರು ಕೂಡಿ ಕೊಳ್ಳೋಣ ಅಂದರು. ಹೆಂಗಸರು ಕೊರಳಲ್ಲಿದ್ದ ಬಂಗಾರ ಬಿಚ್ಚಿಕೊಟ್ಟರು. ಆರಿಸುವ ಕೆಲಸ ಯಾರಿಗೆ? ಮೂಕಪ್ಪನಿಗೇ.

ಹೊರಡುವ ಹಿಂದಿನ ದಿನ ಹೆಂಡತಿ ಸಾವಂತ್ರಮ್ಮ ರೊಟ್ಟಿ ತಟ್ಟುತ್ತಾ ಮೆಲ್ಲಗೆ ಅಂದಳು: "ಏನ್ರೀ, ನ್ಯಾಮತಿ ಪೀರ್‌ಸಾಬಣ್ಣನ್ನ ಜೊತೆಗೆ ಕರ್ಕೊಂಡು ಹೋಗ್ರಿ. ದಂಡಿನಾಗೆ ಐದು ವರ್ಷ ಮೋಟಾರು ರಿಪೇರಿ ಮಾಡಿ ಬಂದೋನು."

ಮೂಕಪ್ಪನಿಗೆ ಚುರುಕ್ಕೆಂದಿತು. "ನಂಗೆ ಆರಿಸಾಕೆ ಬರಲ್ಲ ಅಂತೀಯೇನು?"

"ಎತ್ತು ಆರಿಸಾಕೆ ನಿಮ್ಮನ್ನ ಬಿಟ್ರೆ ಇಲ್ಲ. ಆದ್ರೆ ಇದಕ್ಕೆ ಹಲ್ಲು ಇಲ್ವಲ್ರೀ."

"ನಾಲ್ಕು ಗಾಲಿ ಐತೆ, ಒಂದು ಇಂಜಿನ್ ಐತೆ. ಎಳೀತದೋ ಇಲ್ವೋ ನೋಡಿದ್ರಾತು. ಅದಕ್ಕೂ ಒಬ್ಬ ಪಂಡಿತ ಬೇಕಾ?"

ಸಾವಂತ್ರಮ್ಮ ವಾದ ಮಾಡಲಿಲ್ಲ. ನ್ಯಾಮತಿ ಸಂತೆಗೆ ಹೊರಟಿದ್ದ ನೆರೆಮನೆ ಅಜ್ಜಮ್ಮನ ಕೈಲಿ ಪೀರ್‌ಸಾಬನಿಗೆ ಹೇಳಿ ಕಳಿಸಿದಳು.

ಮರುದಿನ ಮೂಕಪ್ಪ ಹೊನ್ನಾಳಿಯ ಷೆಡ್ಡಿಗೆ ಹೋದಾಗ ಟ್ರಾಕ್ಟರು ಬಾಗಿಲಲ್ಲೇ ನಿಂತಿತ್ತು. ಹೊಸದಾಗಿ ಕೆಂಪು ಬಣ್ಣ ಬಳಿದಿದ್ದರು. ಕಂತ್ರಾಟುದಾರನ ಡ್ರೈವರ್ ರೇವಣ್ಣ ಮುಂದಿನ ಹ್ಯಾಂಡಲ್ ಒಂದೇ ಒಂದು ಸಲ ತಿರುಗಿಸಿದ. ಇಂಜಿನ್ ಗುಡುಗುಡು ಅಂತ ಎದ್ದಿತು. ಮೂಕಪ್ಪನ ಎದೆ ಅರಳಿತು. ಬಾನೆಟ್ಟಿನ ಮೇಲೆ ಕೈ ಇಟ್ಟ. ತನ್ನ ಸತ್ತ ಎತ್ತಿನ ಮೈ ನೆನಪಾಗಿ ಕಣ್ಣು ತೇವವಾಯಿತು. ಮುಂಗಡ ಕೊಡಲು ಸೊಂಟದ ಚೀಲಕ್ಕೆ ಕೈ ಹಾಕಿದ.

ಅಷ್ಟರಲ್ಲಿ ಸೈಕಲ್ ಇಳಿದು ಬೆವರು ಒರೆಸಿಕೊಳ್ಳುತ್ತಾ ಪೀರ್‌ಸಾಬ್ ಬಂದ. "ಮೂಕಪ್ಪಣ್ಣ, ಸಲಾಂ. ಒಂದು ಗಳಿಗೆ ತಡೀರಿ. ಅಕ್ಕ ಹೇಳಿ ಕಳಿಸಿದ್ರು."

ಮೂಕಪ್ಪನ ಮುಖ ಗಂಟಾಯಿತು. "ಯಾಕೆ ಸಾಬ್ರೇ, ಒಂದೇ ಏಟಿಗೆ ಎದ್ದೈತೆ. ಇನ್ನೇನು ನೋಡ್ತೀರಿ?"

ಪೀರ್‌ಸಾಬ್ ರೇವಣ್ಣನ ಕಡೆ ತಿರುಗಿದ. "ನಾವು ಬರೋಕೆ ಮುಂಚೆನೇ ಇಂಜಿನ್ ಬಿಸಿ ಮಾಡಿದ್ರೇನ್ರಿ?"

ರೇವಣ್ಣ ತಲೆ ಕೆರೆದುಕೊಂಡ. "ಬೆಳಿಗ್ಗೆ ಸ್ವಲ್ಪ ಓಡಿಸಿದ್ದೆ. ಯಜಮಾನ್ರು ಹಂಗೇ ಹೇಳಿದ್ರು."

"ನಿಲ್ಲಿಸ್ರಿ. ತಣ್ಣಗಾಗ್ಲಿ. ಬಿಸಿ ಇಂಜಿನ್ ಎಂಥದಾದ್ರೂ ಎದ್ದೇಳ್ತದೆ. ತಣ್ಣಗಿದ್ದಾಗ ಹೆಂಗೆ ಎದ್ದೇಳ್ತದೆ ಅಂತ ನೋಡ್ಬೇಕು."

ಮೂಕಪ್ಪನಿಗೆ ಸಿಟ್ಟು ಬಂತು. ಆದರೂ ಕಾದ. ಮೂವರೂ ಬೇವಿನ ಮರದ ಕೆಳಗೆ ಕೂತು, ಸಾವಂತ್ರಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಬಿಸಿಲು ಇಳಿಯುವ ಹೊತ್ತಿಗೆ ಇಂಜಿನ್ ಮುಟ್ಟಿದರೆ ತಣ್ಣಗಿತ್ತು. ಪೀರ್‌ಸಾಬ್ ಕೆಳಗೆ ಮಲಗಿ ಆಯಿಲ್ ಇಳಿಸುವ ಬಿರಡೆಯನ್ನು ಅರ್ಧ ತಿರುಪಿ ಸಡಿಲಿಸಿದ. ಕಪ್ಪು ಆಯಿಲ್ ನಾಲ್ಕು ಹನಿ ಅಂಗೈಗೆ ಬಿತ್ತು.

"ನೋಡ್ರಿ ಅಣ್ಣ. ಒಳಗೆ ಎಲ್ಲಾದ್ರೂ ಬಿರುಕು ಇದ್ರೆ ಆಯಿಲ್‌ಗೆ ನೀರು ಸೇರ್ತದೆ. ನೀರು ತೂಕ, ಅದೇ ಮೊದಲು ಇಳೀತದೆ. ಇಲ್ಲಿ ನೀರಿಲ್ಲ. ಇದು ಒಳ್ಳೇ ಗುಣ."

ಆಮೇಲೆ ತಾನೇ ಹ್ಯಾಂಡಲ್ ಹಿಡಿದ. "ಹೆಬ್ಬೆಟ್ಟನ್ನ ಹ್ಯಾಂಡಲ್‌ಗೆ ಸುತ್ತಬಾರದು. ಇಂಜಿನ್ ಹಿಂದಕ್ಕೆ ಒದ್ರೆ ಕೈ ಮುರೀತದೆ. ಬೆರಳೆಲ್ಲ ಒಂದೇ ಕಡೆ, ಹಿಂಗೆ." ಒಂದು ಸಲ, ಎರಡು ಸಲ, ಒಂಬತ್ತನೇ ಸಲಕ್ಕೆ ಇಂಜಿನ್ ಕೆಮ್ಮಿ ಎದ್ದಿತು. ಹೊಗೆ ಕೊಳವೆಯಿಂದ ನೀಲಿ ಹೊಗೆ ಬಂತು. ಸ್ವಲ್ಪ ಹೊತ್ತಿಗೆ ತೆಳ್ಳಗಾಗಿ ನಿಂತಿತು.

"ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಾ ಐತೆ. ಬಿಸಿಯಾದ ಮೇಲೂ ಬರ್ತಾನೇ ಇದ್ರೆ ಇಂಜಿನ್ ಪೂರಾ ಸವೆದಿದೆ ಅಂತ. ಇದು ನಿಂತೈತೆ. ಸ್ವಲ್ಪ ಸವೆದಿದೆ, ಆದ್ರೆ ಸತ್ತಿಲ್ಲ."

ಮುಂದಿನ ಗಾಲಿ ಹಿಡಿದು ಅಲ್ಲಾಡಿಸಿದ. ಗಡಗಡ ಅಂದಿತು. ಸ್ಟೀರಿಂಗ್ ಕಾಲು ಸುತ್ತು ತಿರುಗಿಸಿದರೂ ಗಾಲಿ ಮಿಸುಕಲಿಲ್ಲ. ಮೂಕಪ್ಪ ಹತ್ತಿರ ಬಂದು ನೋಡಿದ. ಸಿಟ್ಟು ಎಲ್ಲೋ ಹೋಗಿತ್ತು. ಎತ್ತಿನ ಗೊರಸು ನೋಡುವ ಹಾಗೇ ಬಗ್ಗಿ ನೋಡತೊಡಗಿದ್ದ.

"ಇನ್ನು ಇಳಿಜಾರಿಗೆ ಒಯ್ಯೋಣ" ಅಂದ ಪೀರ್‌ಸಾಬ್.

ನದಿ ಕಡೆ ಇಳಿಯುವ ದಾರಿಯಲ್ಲಿ ಟ್ರಾಕ್ಟರನ್ನು ಗೇರಿನಲ್ಲೇ ನಿಲ್ಲಿಸಿದರು. ಮೂಕಪ್ಪ ಖುಷಿಯಿಂದ ಹತ್ತಲು ಹೋದ. ಪೀರ್‌ಸಾಬ್ ರಟ್ಟೆ ಹಿಡಿದು ತಡೆದ. "ಯಾರೂ ಹತ್ತಬ್ಯಾಡ್ರಿ. ಮುಂದೆನೂ ಯಾರೂ ನಿಲ್ಲಬ್ಯಾಡ್ರಿ." ಎರಡು ದೊಡ್ಡ ಕಲ್ಲು ಉರುಳಿಸಿ, ಹಿಂದಿನ ಗಾಲಿಗಳಿಂದ ಒಂದು ಮೊಳ ಮುಂದೆ ಇಟ್ಟ. ತಾನೊಬ್ಬನೇ ಹತ್ತಿ, ಬ್ರೇಕು ಎಳೆದು, ಗೇರು ತೆಗೆದು, ಕೆಳಗೆ ಜಿಗಿದ.

ಬ್ರೇಕು ಹಿಡಿಯಲಿಲ್ಲ. ಅಷ್ಟು ದೊಡ್ಡ ಕಬ್ಬಿಣದ ಮೈ ಸದ್ದಿಲ್ಲದೆ ಜಾರಿ, ದಡಕ್ಕೆಂದು ಕಲ್ಲಿಗೆ ಬಡಿದು ನಿಂತಿತು. ಕಲ್ಲಿನ ಆಚೆಗೆ ಇಳಿಜಾರು. ಇಳಿಜಾರಿನ ಕೊನೆಗೆ ಬಟ್ಟೆ ಒಗೆಯುವ ಹೆಂಗಸರು, ಮಕ್ಕಳು.

ಮೂಕಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಇವತ್ತೇ ರೇವಣ್ಣನ ಕೈಲಿ ಇದನ್ನು ಓಡಿಸಿಕೊಂಡು ಊರಿಗೆ ಹೋಗಬೇಕು ಅಂದುಕೊಂಡಿದ್ದ. ಊರಿನ ಹಳ್ಳದ ಇಳಿಜಾರಿನಲ್ಲಿ ಸಾವಂತ್ರಮ್ಮ ಆರತಿ ತಟ್ಟೆ ಹಿಡಿದು ಎದುರಿಗೇ ನಿಂತಿರುತ್ತಿದ್ದಳು.

"ಹೊಲದಾಗೆ ಬ್ರೇಕು ಯಾಕೆ ಬೇಕ್ರೀ?" ಅಂದ ರೇವಣ್ಣ, ನೆಲ ನೋಡುತ್ತಾ.

ಮೂಕಪ್ಪನೇ ಉತ್ತರ ಕೊಟ್ಟ. "ಹೊಲಕ್ಕೆ ಹೋಗೋ ದಾರೀಲಿ ನಮ್ಮ ಹೆಂಡ್ರು ಮಕ್ಕಳು ಓಡಾಡ್ತಾರಪ್ಪ." ಆಮೇಲೆ ಪೀರ್‌ಸಾಬನ ಕಡೆ ತಿರುಗಿದ. "ಸಾಬ್ರೇ, ಬಿಟ್ಟು ಹೋಗೋಣ ನಡೀರಿ. ನಮಗೆ ಬ್ಯಾಡ ಈ ಯಮ."

ಪೀರ್‌ಸಾಬ್ ಅಡ್ಡಡ್ಡ ತಲೆ ಆಡಿಸಿದ. "ಇದರ ತಪ್ಪು ನೋಡಿದ್ರಿ. ಗುಣ ಪೂರಾ ನೋಡಿಲ್ಲ. ಅದನ್ನೂ ನೋಡಿ ಆಮೇಲೆ ಹೇಳ್ರಿ."

ಮರುದಿನ ಹತ್ತಿರದ ಒಂದು ಎರೆ ಮಣ್ಣಿನ ಹೊಲದಲ್ಲಿ ಟ್ರಾಕ್ಟರಿಗೆ ನೇಗಿಲು ಕಟ್ಟಿದರು. ರೇವಣ್ಣ ಸರಪಳಿಯನ್ನು ಮೇಲೆ ಅಚ್ಚಿಗೆ ಸುತ್ತಲು ಹೋದ. ಪೀರ್‌ಸಾಬ್ ಬಿಡಲಿಲ್ಲ. "ಮೇಲೆ ಕಟ್ಟಿದ್ರೆ, ನೇಗಿಲು ಬೇರಿಗೆ ಸಿಕ್ಕಾಗ ಟ್ರಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚ್ತದೆ. ಕೂತೋನು ಅಡಿಗೆ. ದಂಡಿನಾಗೆ ನಾನೇ ಕಣ್ಣಾರೆ ನೋಡೀನಿ. ಯಾವಾಗ್ಲೂ ಕೆಳಗಿನ ಕೊಕ್ಕೆಗೇ ಕಟ್ರಿ." ಅರ್ಧ ತಾಸು ಉತ್ತರು. ಇಂಜಿನ್ ತಣಿಸುವ ನೀರು ಕುದಿಯಲಿಲ್ಲ. ಗೇರು ಜಾರಲಿಲ್ಲ. ಆಳದ ಸಾಲಿನಲ್ಲೂ ಇಂಜಿನ್ ದನಿ ಕುಗ್ಗದೆ ನಿಧಾನಕ್ಕೆ ಎಳೆಯಿತು. ಮೂಕಪ್ಪ ಸಾಲಿನ ಗುಂಟ ನಡೆದು ಮಣ್ಣಿನ ಹೆಂಟೆ ಎತ್ತಿ ನೋಡಿದ. ಜೋಡಿ ಎತ್ತಿಗೆ ಆಗದ ಆಳ.

"ಈಗ ಹೇಳ್ತೀನಿ ಕೇಳ್ರಿ" ಅಂದ ಪೀರ್‌ಸಾಬ್. "ಎಳೆಯೋ ಶಕ್ತಿ ಐತೆ, ಗೇರು ಗಟ್ಟಿ ಐತೆ, ಬೆಲ್ಟು ಹಾಕಿದ್ರೆ ಬಾವಿ ಪಂಪೂ ತಿರುಗಿಸ್ತದೆ. ಬೆಳಗಿನ ಹೊತ್ತು ಏಳಾಕೆ ಸತಾಯಿಸ್ತದೆ, ಆಯಿಲ್ ಕುಡೀತದೆ. ಅದನ್ನ ಸಹಿಸ್ಬೇಕು. ಬ್ರೇಕು, ಸ್ಟೀರಿಂಗು ಮಾತ್ರ ಸಹಿಸಂಗಿಲ್ಲ. ಅವೆರಡನ್ನ ಅವ್ರೇ ಸರಿ ಮಾಡಿಕೊಡ್ಲಿ, ಇದೇ ಇಳಿಜಾರಿನಾಗೆ ನಿಲ್ಲಿಸಿ ತೋರಿಸ್ಲಿ. ಸವೆಯೋ ಸಾಮಾನು ಎಲ್ಲಿ ಸಿಗ್ತವೆ ಅಂತ ಬರೆಸ್ಕೊಳ್ರಿ. ಇದು ಓಡೋದು ಸೀಮೆಎಣ್ಣೇಲಿ, ಅದರ ಪರ್ಮಿಟ್ಟಿಗೆ ಅರ್ಜಿ ಹಾಕ್ರಿ. ಆಮೇಲೆ ಬೆಲೆ ಮಾತಾಡ್ರಿ."

ಕಂತ್ರಾಟುದಾರ ಮೊದಲು ಗೊಣಗಿದ. ಮೂಕಪ್ಪ ಎದ್ದು ಹೊರಟ ಮೇಲೆ ಕೂಗಿ ಕರೆದ. ಬೆಲೆ ಇಳಿಯಿತು. ಹನ್ನೆರಡು ದಿನದ ಮೇಲೆ ಅದೇ ಇಳಿಜಾರಿನಲ್ಲಿ ಟ್ರಾಕ್ಟರು ಬಂಡೆಯ ಹಾಗೆ ನಿಂತಿತು. ಆಗ ಮೂಕಪ್ಪ ಹಣ ಕೊಟ್ಟ.

ಆ ಮುಂಗಾರಿನಲ್ಲಿ ನಾಲ್ಕೂ ಮನೆಯ ಹೊಲಗಳು ಹದ ತಪ್ಪದೆ ಬಿತ್ತನೆಯಾದವು. ಗಂಡಸರಿಲ್ಲದ ಅಜ್ಜಮ್ಮನ ಎರಡು ಎಕರೆಯನ್ನೂ ಉತ್ತುಕೊಟ್ಟರು. ಮಧ್ಯೆ ಎರಡು ಸಲ ಟ್ರಾಕ್ಟರು ಕೆಟ್ಟಿತು. ಎರಡು ಸಲವೂ ಪೀರ್‌ಸಾಬ್ ಬಂದು ಹೇಗೆ ರಿಪೇರಿ ಅಂತ ತೋರಿಸಿಕೊಟ್ಟ.

ಸುಗ್ಗಿ ಮುಗಿದ ಮೇಲೆ ಮೂಕಪ್ಪ, ಸಾವಂತ್ರಮ್ಮ ಒಂದು ಚೀಲ ಹೊಸ ಜೋಳ ಹೊತ್ತು ನ್ಯಾಮತಿಗೆ ಹೋದರು. ಪೀರ್‌ಸಾಬನ ಹೆಂಡತಿ ಸೈದಾಬೀ ಚಾಪೆ ಹಾಸಿ ಚಾ ಕೊಟ್ಟಳು. ಮೂಕಪ್ಪ ಲೋಟ ಕೆಳಗಿಟ್ಟ.

"ಸಾಬ್ರೇ, ಅವತ್ತು ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ. ನೀವು ರಟ್ಟೆ ಹಿಡೀದೇ ಇದ್ದಿದ್ರೆ ನಾನು ಹೊಳೆ ಪಾಲು. ನನ್ನ ಹಿಂದೆ ಇನ್ನೆಷ್ಟು ಜೀವವೋ. ಹೆಂಗೆ ತೀರಿಸ್ಲಿ ಇದನ್ನ?"

"ನಂಗೇನೂ ಬ್ಯಾಡ ಅಣ್ಣ. ಯಾರಾದ್ರೂ ಹಳೇ ಮಿಷಿನ್ ಕೊಳ್ಳಾಕೆ ಹೊಂಟ್ರೆ ಈ ಮಾತು ಹೇಳ್ರಿ, ಸಾಕು."

ಸಾವಂತ್ರಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಕೈ ಮುಗಿದಳು.

ಮೂಕಪ್ಪ ಆ ಮಾತು ಉಳಿಸಿಕೊಂಡ. ಜಗಳೂರು ಕಡೆ ಬಿಳಿಚೋಡಿನಿಂದ ರೈತರು ಬಂದು ಟ್ರಾಕ್ಟರು ಆರಿಸಿಕೊಡು ಅಂದಾಗ, ತಾನು ಮೋಸ ಹೋಗಲಿದ್ದ ಕಥೆಯನ್ನು ಒಂದು ಅಕ್ಷರ ಮುಚ್ಚಿಡದೆ ಹೇಳಿದ. ಅವರನ್ನು ಪೀರ್‌ಸಾಬನ ಮನೆಗೆ ತಾನೇ ಕರೆದುಕೊಂಡು ಹೋದ.

ರೈತ ಬಾಂಧವರೇ, ತಾಯಂದಿರೇ, ಹಳೇ ಟ್ರಾಕ್ಟರು ಅಂದರೆ ಹೆದರಿ ಓಡಬೇಡಿ, ಬಣ್ಣಕ್ಕೆ ಮರುಳಾಗಿ ಹಣ ಸುರಿಯಲೂ ಬೇಡಿ. ತಣ್ಣಗಿದ್ದಾಗ ಚಾಲೂ ಮಾಡಿಸಿ. ಹೊಗೆ ನೋಡಿ, ಆಯಿಲ್ ನೋಡಿ. ಹೊಲದಲ್ಲಿ ಉಳುಮೆ ಮಾಡಿಸಿ ನೋಡಿ. ಗಾಲಿಗೆ ಕಲ್ಲಿಟ್ಟು, ಜನರನ್ನು ದೂರ ನಿಲ್ಲಿಸಿ, ಬ್ರೇಕು ಪರೀಕ್ಷೆ ಮಾಡಿ. ಬ್ರೇಕು ಸರಿಯಾಗುವ ತನಕ ಒಂದು ಕಾಸನ್ನೂ ಕೊಡಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳಿ. ಕೇಳಿದರೆ ಯಾರ ಮಾನವೂ ಹೋಗುವುದಿಲ್ಲ. ಕೇಳದೆ ಹೋದ ಜೀವ ಮಾತ್ರ ತಿರುಗಿ ಬರುವುದಿಲ್ಲ.