ಮೂಗು ಮುಟ್ಟುವ ಪಾಠ

"ಏ ಆಯಾ, ಕಣ್ಣೇನು ಮನೇಲಿ ಬಿಟ್ಟು ಬಂದಿದ್ದೀಯಾ? ದೊಡ್ಡ ಜನ ಬರೋ ಹೊತ್ತಿಗೆ ದಾರೀಲಿ ಬಕೆಟ್ ಇಟ್ಕೊಂಡು ಕೂತಿದ್ದೀಯಲ್ಲ, ದರಿದ್ರದೋಳೆ."

ಡಾಕ್ಟರು ಬಕೆಟ್ಟನ್ನು ಬೂಟಿನ ತುದಿಯಿಂದ ತಳ್ಳಿದರು. ನೀರು ಚೆಲ್ಲಿತು. ಒರೆಸಿದ ನೆಲವನ್ನು ಅವಳು ಮತ್ತೆ ಒರೆಸತೊಡಗಿದಳು. ಅದು ಆಟಿಸಂ ಇರುವ ಮಕ್ಕಳಿಗೆ ಮಾತು, ಆಟ, ನಡವಳಿಕೆ ಕಲಿಸುವ ಕೇಂದ್ರ. ಮಕ್ಕಳ ಹತ್ತಿರ ಗಟ್ಟಿಯಾಗಿ ಮಾತಾಡಬಾರದು ಎಂದು ಗೋಡೆಗೋಡೆಗೂ ಬರೆದು ಅಂಟಿಸಿದ್ದರು. ಆಯಾಗಳ ಹತ್ತಿರ ಗಟ್ಟಿಯಾಗಿ ಮಾತಾಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಪಾಪ, ಡಾಕ್ಟರದೇನು ತಪ್ಪು.

ಅವಳು ಇದನ್ನೆಲ್ಲ ನುಂಗಿಕೊಂಡಿದ್ದು ಮಗಳು ಪುಟ್ಟಿಯ ಸಲುವಾಗಿ. ಇನ್ನೂ ಮಾತು ಬಾರದ ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದ ದಿನ ಇದೇ ಡಾಕ್ಟರು ಎಷ್ಟು ಚೆನ್ನಾಗಿ ಮಾತಾಡಿದ್ದರು. "ಚಿಕ್ಕ ವಯಸ್ಸಲ್ಲೇ ಕರ್ಕೊಂಡು ಬಂದೆ, ಒಳ್ಳೇದಾಯ್ತು ಕಣಮ್ಮ. ಈಗ ಕಲ್ಸಿದ್ರೆ ಬೇಗ ಹತ್ತುತ್ತೆ, ದಿನ ಹೋದಷ್ಟೂ ಕಷ್ಟ. ನೀನು ಇಲ್ಲೇ ಕೆಲ್ಸ ಮಾಡು, ಮಗೂಗೆ ಪುಕ್ಕಟೆ ಪಾಠ." ಅವಳು ಸಂತೋಷಕ್ಕೆ ಅಲ್ಲೇ ಅತ್ತುಬಿಟ್ಟಿದ್ದಳು.

ಪುಕ್ಕಟೆ ಪಾಠ ಎಂದರೆ ಹಿಂದಿನ ರೂಮು. ದುಡ್ಡು ಕಟ್ಟಿದವರ ಮಕ್ಕಳಿಗೆ ಮುಂದಿನ ರೂಮು, ಮೆತ್ತನೆಯ ಚಾಪೆ, ಉಯ್ಯಾಲೆ, ಅನುಭವವಿರುವ ದೊಡ್ಡ ಟೀಚರು. ಹಿಂದಿನ ರೂಮಿನ ಮಕ್ಕಳ ಮೇಲೆ ಟ್ರೈನಿಂಗಿಗೆ ಬರುವ ಹುಡುಗಿಯರು ಕೈ ಪಳಗಿಸಿಕೊಳ್ಳುತ್ತಿದ್ದರು. ಹೊಸ ಹುಡುಗಿ ಬರುವಳು, ಪುಟ್ಟಿಯನ್ನು ಎದುರಿಗೆ ಕೂರಿಸಿಕೊಂಡು ಮೊದಲ ಪಾಠ ತೆಗೆಯುವಳು. "ಮೂಗು ಮುಟ್ಟು." ಮುಟ್ಟಿದರೆ ಒಂದು ಚೂರು ಬಿಸ್ಕತ್ತು, ಚಪ್ಪಾಳೆ. ಕೈ ಪಳಗುವಷ್ಟರಲ್ಲಿ ಸರ್ಟಿಫಿಕೇಟು ಹಿಡಿದು ಹೊರಟುಬಿಡುವಳು. ಆ ಜಾಗಕ್ಕೆ ಇನ್ನೊಬ್ಬಳು, ಅವಳದೂ ಮೂಗಿನಿಂದಲೇ ಶುರು. ಒಂದು ವರ್ಷವಾದರೂ ಪುಟ್ಟಿಯ ವಿದ್ಯಾಭ್ಯಾಸ ಮೂಗು ದಾಟಿ ಕಿವಿಯವರೆಗೂ ಹೋಗಿರಲಿಲ್ಲ.

ಮೂಗು ಮುಟ್ಟಿದರೆ ಏನೋ ಸಿಗುತ್ತದೆ ಎನ್ನುವುದೊಂದೇ ಮಗುವಿನ ತಲೆಯಲ್ಲಿ ಕೂತಿತ್ತು. ಹಸಿವಾದರೂ ಮೂಗು, ನಿದ್ದೆ ಬಂದರೂ ಮೂಗು, ಒಂದಕ್ಕೆ ಬಂದರೂ ಮೂಗು. "ಮೂಗು ತೋರ್ಸೋಕೆ ಅಷ್ಟು ದೊಡ್ಡ ಬಿಲ್ಡಿಂಗ್ ಬೇಕಿತ್ತೇನೆ? ಮನೇಲೇ ಕೂತು ನಾನೇ ತೋರಿಸ್ತಿದ್ದೆ," ಎಂದು ಅತ್ತೆ ನಗುತ್ತಿದ್ದಳು. ಅತ್ತೆಯ ಜೊತೆ ಅವಳೂ ನಕ್ಕು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಒಮ್ಮೆ ಧೈರ್ಯ ಮಾಡಿ ಡಾಕ್ಟರನ್ನು ಕೇಳಿಯೂ ಇದ್ದಳು. "ಸಾರ್, ಮುಂದಿನ ಪಾಠ ಶುರು ಮಾಡ್ಸಿ. ದೊಡ್ಡ ಟೀಚರ್ ಹತ್ರ ಒಂಚೂರು ಹೊತ್ತು ಕೂರಿಸಿದ್ರೂ ಸಾಕು."

"ಪುಕ್ಕಟೆ ಪಾಠಕ್ಕೂ ತಕರಾರಾ ನಿಂದು? ನಿನ್ನ ಮಗಳಿಂದ ಎಷ್ಟು ಜನ ಹುಡುಗೀರು ಕೆಲ್ಸ ಕಲ್ತು ಹೋದ್ರು ಗೊತ್ತಾ? ಪುಣ್ಯ ಬರುತ್ತೆ ಬಿಡು," ಎಂದಿದ್ದರು ಡಾಕ್ಟರು.

ಬಕೆಟ್ಟಿನ ನೀರು ಚೆಲ್ಲಿದ ಆ ದಿನವೇ ಕೇಂದ್ರಕ್ಕೆ ಹಣ ಕೊಡುವ ದೊಡ್ಡ ಜನ ನೋಡಲು ಬಂದರು. ಹಿಂದಿನ ರೂಮಿನಲ್ಲಿ ಪುಟ್ಟಿಗೆ ತಲೆ ಬಾಚಿ ಕೂರಿಸಿದ್ದರು. ಎದುರಿಗೆ ಹೊಸ ಹುಡುಗಿ. ಅವಳು ಬಾಯಿ ತೆರೆಯುವ ಮುಂಚೆಯೇ ಪುಟ್ಟಿ ಮೂಗು ಮುಟ್ಟಿದಳು. ಬಂದವರು ಚಪ್ಪಾಳೆ ತಟ್ಟಿದರು. ಪುಟ್ಟಿ ಮತ್ತೆ ಮುಟ್ಟಿದಳು. ಕಾಲಿಗೆ ಕಾಲು ಒತ್ತಿಕೊಂಡು ಕುರ್ಚಿಯಿಂದ ಎದ್ದೆದ್ದು ಕೂರುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದ ತಾಯಿಗೆ ತಟ್ಟನೆ ಹೊಳೆಯಿತು. "ಸಾರ್, ಮಗೂಗೆ ಒಂದಕ್ಕೆ ಬಂದಿದೆ..."

"ಬಾಯಿ ಮುಚ್ಚು," ಎಂದು ಹಲ್ಲು ಕಚ್ಚಿ ಹೇಳಿ, ಡಾಕ್ಟರು ಬಂದವರ ಕಡೆ ತಿರುಗಿ ನಕ್ಕರು. "ನೋಡಿ, ಈಗ ಹೇಳೋದೇ ಬೇಡ, ತಾನಾಗೇ ಮಾಡ್ತಾಳೆ. ಬಂದಾಗ ಏನೂ ಬರ್ತಿರಲಿಲ್ಲ."

ಹೊಸ ಹುಡುಗಿ ಬಿಸ್ಕತ್ತಿನ ಚೂರನ್ನು ಮಗುವಿನ ಬಾಯಿಗಿಟ್ಟಳು. ಪುಟ್ಟಿ ಅದನ್ನು ಉಗುಳಿ ಎರಡೂ ಕೈಯಿಂದ ಮೂಗಿಗೆ ಬಡಿದುಕೊಂಡಳು. ಇನ್ನೊಮ್ಮೆ ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆಯೇ ಕುರ್ಚಿಯಿಂದ ಉಚ್ಚೆ ಇಳಿದು ಬಂದವರ ಬೂಟಿನವರೆಗೆ ಹರಿಯಿತು. ಒದ್ದೆ ಬಟ್ಟೆ ಮೈಗೆ ತಗುಲಿದರೆ ಪುಟ್ಟಿಗೆ ಜೀವ ಹೋದಂತಾಗುತ್ತದೆ. ಕಿರುಚಿಕೊಂಡು ಟೇಬಲ್ಲಿಗೆ ಹಣೆ ಚಚ್ಚತೊಡಗಿದಳು.

"ಥೂ, ಹಾಳು ಮುಂಡೇದು, ಮರ್ಯಾದೆ ತೆಗೀತು. ಏ, ಏನ್ ನೋಡ್ತಾ ನಿಂತಿದ್ದೀಯಾ? ಮೊದ್ಲು ನೆಲ ಒರೆಸು. ಆಮೇಲೆ ಆ ಶನೀನ ಎತ್ಕೊಂಡು ಹೋಗಿ ಹೊರಗೆ ಹಾಕು."

ಮೊದಲು ನೆಲವಂತೆ. ಅವಳು ಕೈಯಲ್ಲಿದ್ದ ನೆಲ ಒರೆಸುವ ಕೋಲು ಬಿಸಾಕಿ, ಮಗುವಿನ ಹಣೆಗೆ ಅಂಗೈ ಅಡ್ಡ ಹಿಡಿದು ಎತ್ತಿಕೊಂಡಳು. ಹೊರಬಾಗಿಲ ಕಡೆ ಹೋಗಲಿಲ್ಲ. ಸೀದಾ ಮುಂದಿನ ರೂಮಿಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿದಳು.

ಅಲ್ಲಿ ಒಬ್ಬ ಹುಡುಗ ಉಯ್ಯಾಲೆಯಲ್ಲಿದ್ದ, ಅವನ ತಾಯಿ ಸೋಫಾದಲ್ಲಿದ್ದಳು. ದೊಡ್ಡ ಟೀಚರು ಚಿತ್ರದ ಕಾರ್ಡು ಜೋಡಿಸುತ್ತಿದ್ದಳು. ಆಯಾ ಮಗಳ ಒದ್ದೆ ಬಟ್ಟೆ ಬಿಚ್ಚಿ, ತನ್ನ ಯೂನಿಫಾರಂ ಕೋಟು ಕಳಚಿ ಸುತ್ತಿದಳು. ಅಳು ಇಳಿಯುವವರೆಗೂ ಎದೆಗೆ ಒತ್ತಿ ಹಿಡಿದು, ಆಮೇಲೆ ಟೀಚರ ಎದುರಿನ ಕುರ್ಚಿಯಲ್ಲಿ ಕೂರಿಸಿದಳು.

"ಒಂದಕ್ಕೆ ಬಂದ್ರೆ ಹೇಗೆ ಹೇಳ್ಬೇಕು ಅಂತ ಇವಳಿಗೆ ಕಲ್ಸಿ ಮೇಡಂ. ಈಗ್ಲೇ."

ಸೋಫಾದಲ್ಲಿದ್ದವಳು ಎದ್ದಳು. "ಏನಮ್ಮ ಇದು? ಇದು ನನ್ನ ಮಗನ ಟೈಮು."

"ಹೌದಕ್ಕ. ನಿಮ್ಮ ಮಗಂದು ಅರ್ಧ ಗಂಟೆ ಹೋಗುತ್ತೆ. ನನ್ನ ಮಗಳದ್ದು ಒಂದು ವರ್ಷ ತಿಂದ್ರು ಈ ಜನ. ಆ ವರ್ಷ ಯಾರು ವಾಪಸ್ ಕೊಡ್ತಾರೆ, ನೀವೇ ಹೇಳಿ."

ಆ ತಾಯಿ ಮಗನನ್ನು ಉಯ್ಯಾಲೆಯಿಂದ ಇಳಿಸಿ ತೊಡೆಯ ಮೇಲೆ ಕೂರಿಸಿಕೊಂಡಳು. ಹೊರಗಿನಿಂದ ಡಾಕ್ಟರು ಬಾಗಿಲು ಧಡಧಡ ಬಡಿದರು.

"ತೆಗೀತೀಯೋ ಇಲ್ವೋ ಬಿಕನಾಸಿ? ನಿನ್ನ ಕೆಲ್ಸ ಹೋಯ್ತು ಅಂತ ತಿಳ್ಕೋ. ಪೊಲೀಸ್ ಕರೀತೀನಿ."

"ಕರೀರಿ ಸಾರ್. ಅವ್ರು ಬರೋ ತನಕ ನಿಮ್ಮ ನೆಲ ನೀವೇ ಒರೆಸ್ಕೊಳ್ಳಿ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಹೊರಗಿನಿಂದ ಯಾರೋ ಭುಜ ಕೊಟ್ಟು ನೂಕಿದರು. ಚಿಲಕದ ಮೊಳೆ ಸ್ವಲ್ಪ ಎದ್ದು ಬಂತು. ದೊಡ್ಡ ಟೀಚರು ಬಾಗಿಲು ನೋಡಿದಳು, ಕೋಟು ಹೊದ್ದು ಕೂತ ಮಗುವನ್ನು ನೋಡಿದಳು. ಕೈ ಕಾರ್ಡುಗಳ ಮೇಲೆ ಹೋಗಿ ಅಲ್ಲೇ ನಿಂತಿತು.

"ನನ್ನೇನ್ ನೋಡ್ತೀರಿ ಮೇಡಂ," ಎಂದಳು ಆಯಾ, ಎರಡೂ ಕಾಲು ಊರಿ ಬಾಗಿಲನ್ನು ಬೆನ್ನಿನಿಂದ ಒತ್ತುತ್ತ. "ಪಾಠ ಶುರು ಮಾಡಿ."