ಕೂದಲೆಂದು ಬೈಸಿಕೊಂಡ ಗೆರೆ

ನಾನು ಒಂದು ಗಾಜಿನ ಪ್ಲೇಟು. ಪ್ಲೇಟು ಎಂದೊಡನೆ ಇಡ್ಲಿ ನೆನೆಸಿಕೊಳ್ಳಬೇಡಿ. ನಾನು ಆಕಾಶದ ಫೋಟೊ ತೆಗೆಯುವ ಪ್ಲೇಟು. ಬೆಳಕು ಬಿದ್ದರೆ ಕಪ್ಪಾಗುವ ಮದ್ದನ್ನು ಕಾರ್ಖಾನೆಯಲ್ಲಿ ನನ್ನ ಮೈಗೆ ಸವರಿ, ಕಪ್ಪು ಕಾಗದ ಸುತ್ತಿ, ಕೋಲಾರದ ಕಡೆಯ ಒಂದು ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಕಳಿಸಿದರು. ಜೀವಮಾನದಲ್ಲಿ ನಾನು ಆಕಾಶ ನೋಡಿದ್ದು ಒಂದೇ ಸಲ, 1971ರ ಮಾರ್ಚ್‌ನಲ್ಲಿ, ನಲವತ್ತು ನಿಮಿಷ. ಅಷ್ಟರಲ್ಲೇ ಸಾವಿರಾರು ನಕ್ಷತ್ರಗಳು ನನ್ನ ಮೇಲೆ ಕಪ್ಪು ಚುಕ್ಕಿಗಳಾಗಿ ಕೂತವು. ಅವುಗಳ ನಡುವೆ ಅರ್ಧ ಅಂಗುಲದ ಒಂದು ತೆಳು ಗೆರೆಯೂ ಮೂಡಿತು.

ನನ್ನನ್ನು ತೊಳೆದು ಒಣಗಿಸಿದವನು ಸಹಾಯಕ ಮುನಿವೆಂಕಟಪ್ಪ. ಆಗಷ್ಟೇ ಮದುವೆಯಾಗಿದ್ದ, ತಲೆ ತುಂಬ ಗುಂಗುರು ಕೂದಲು. ಬೆಳಿಗ್ಗೆ ವೀಕ್ಷಣಾಲಯದ ಸಾಹೇಬರು ಬಸ್ಸು ಹಿಡಿಯುವ ಅವಸರದಲ್ಲಿ ನನ್ನನ್ನು ಎತ್ತಿ ಕಿಟಕಿಗೆ ಹಿಡಿದರು.

"ಏನಯ್ಯಾ ಇದು? ನಿನ್ನ ಕೂದಲು ಬಿದ್ದು ಅಂಟಿಕೊಂಡಿದೆಯಲ್ಲ! ಪ್ಲೇಟು ಹಾಳು, ತೆಗೆದಿಡು ಆಚೆ."

ಅದು ಕೂದಲಲ್ಲ ಎಂದು ನನಗೆ ಗೊತ್ತಿತ್ತು. ನನ್ನನ್ನು ಕೇಳುವವರು ಯಾರು? ಮುನಿವೆಂಕಟಪ್ಪ ನನ್ನ ಲಕೋಟೆಯ ಮೇಲೆ 'ಕೂದಲು ಬಿದ್ದು ಹಾಳು' ಎಂದು ಬರೆದು ಸಹಿ ಹಾಕಿದ. ಹಾಳಾದ ಪ್ಲೇಟುಗಳ ಮದ್ದು ಕೆರೆದು, ಬರಿ ಗಾಜನ್ನು ಕಿಟಕಿಗೆ ಹಾಕುವುದು ಅಲ್ಲಿಯ ರೂಢಿ. ನನ್ನನ್ನು ಮಾತ್ರ ಅವನು ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟುಕೊಂಡ. ತನ್ನ ತಪ್ಪು ತನಗೆ ನೆನಪಿರಲಿ ಎಂದಂತೆ. ಮಾರನೆಯ ದಿನದಿಂದ ತಲೆಗೆ ಟವೆಲ್ ಬಿಗಿಯದೆ ಪ್ಲೇಟು ತೊಳೆಯುವ ಕೋಣೆಗೆ ಕಾಲಿಡಲಿಲ್ಲ. ನನಗೆ ಅವನ ಮೇಲೆ ಸಿಟ್ಟೂ ಇತ್ತು, ಕನಿಕರವೂ ಇತ್ತು.

ಮೂವತ್ತೈದು ವರ್ಷ ಕಳೆಯಿತು. ಸಾಹೇಬರು ಹೋದರು, ಗಾಜಿನ ಪ್ಲೇಟುಗಳ ಕಾಲವೂ ಹೋಯಿತು. ಮುನಿವೆಂಕಟಪ್ಪನ ತಲೆ ಬೋಳಾಯಿತು. ಟವೆಲ್ ಮಾತ್ರ ಇಳಿಯಲಿಲ್ಲ.

ಒಂದು ಬೆಳಿಗ್ಗೆ ವಾರಿಜಾ ಎಂಬ ವಿಜ್ಞಾನಿ ಬಂದರು. ಹಿಂದಿನ ವರ್ಷವಷ್ಟೇ ಕಣ್ಣಿಗೆ ಬಿದ್ದ ಒಂದು ಕ್ಷುದ್ರಗ್ರಹ, ಈ ಬೆಟ್ಟದಷ್ಟು ದೊಡ್ಡ ಕಲ್ಲು, ಇನ್ನು ಇಪ್ಪತ್ತೆರಡು ವರ್ಷಕ್ಕೆ ಭೂಮಿಯ ಹತ್ತಿರ ಬರಲಿತ್ತು. ಪಕ್ಕದಲ್ಲಿ ಹಾದುಹೋಗುತ್ತದೋ, ಬಂದು ಬಡಿಯುತ್ತದೋ? ಒಂದೇ ವರ್ಷ ನೋಡಿ ಹೇಳುವಂತಿರಲಿಲ್ಲ. ಅದು ಹಿಂದೆ ಎಲ್ಲಿತ್ತು ಎಂಬ ಒಂದು ಹಳೆಯ ಗುರುತು ಸಿಕ್ಕರೆ ಅದರ ದಾರಿ ಖಚಿತವಾಗುತ್ತಿತ್ತು. ಅವರ ಅಂದಾಜಿನಂತೆ 1971ರಲ್ಲೂ ಅದು ಹತ್ತಿರ ಬಂದು ಹೋಗಿರಬೇಕು. ಅವರು ಕೇಳಿದ ತಾರೀಖು ನನ್ನದೇ.

"ಆವತ್ತಿಂದು ಒಂದೇ ಐತೆ ಮೇಡಮ್. ಅದೂ ಕೆಟ್ಟೋಗೈತೆ, ನನ್ ಕೂದ್ಲು ಬಿದ್ದು," ಎಂದ ಮುನಿವೆಂಕಟಪ್ಪ, ತಲೆ ತಗ್ಗಿಸಿ.

"ಪರವಾಗಿಲ್ಲ, ಕೊಡಿ. ನನ್ನ ಮಗಳಿಗೀಗ ನಾಲ್ಕು ವರ್ಷ. ಆ ಕಲ್ಲು ಬರೋ ಹೊತ್ತಿಗೆ ಇಪ್ಪತ್ತಾರು. ಕೆಟ್ಟಿದ್ದನ್ನೂ ನೋಡೇಬಿಡೋಣ."

ದೀಪದ ಮೇಜಿನ ಮೇಲೆ ನನ್ನನ್ನು ಮಲಗಿಸಿ, ಭೂತಗನ್ನಡಿ ಹಿಡಿದು ಬಗ್ಗಿದರು. ಮೆತ್ತನೆಯ ಬ್ರಷ್‌ನಿಂದ ಗೆರೆಯನ್ನು ಸವರಿದರು. ಗೆರೆ ಕದಲಲಿಲ್ಲ.

"ಮುನಿವೆಂಕಟಪ್ಪನವರೇ, ಇದು ಕೂದಲಲ್ಲ! ನಕ್ಷತ್ರಗಳ ಹಾಗೇ ಇದೂ ಮದ್ದಿನೊಳಗೆ ಮೂಡಿದೆ. ಆ ನಲವತ್ತು ನಿಮಿಷದಲ್ಲಿ ಆ ಕಲ್ಲು ನಡೆದುಹೋದ ದಾರಿ ಇದು!"

ಮೂರು ದಿನ ನನ್ನನ್ನು ಅಳೆದರು. ಅಷ್ಟು ಉಪಚಾರ ನನಗೆ ಎಂದೂ ಆಗಿರಲಿಲ್ಲ. ನಾಲ್ಕನೆಯ ದಿನ ಉತ್ತರ ಬಂತು: ಕಲ್ಲು ಚಂದ್ರನಿಗಿಂತ ಇಮ್ಮಡಿ ದೂರದಲ್ಲಿ ಹಾದುಹೋಗುತ್ತದೆ, ಬಡಿಯುವುದಿಲ್ಲ. ವಾರಿಜಾ ಮೇಜಿಗೆ ಹಣೆಯಿಟ್ಟು ಅತ್ತರು, ಆಮೇಲೆ ನಗತೊಡಗಿದರು.

ಈಗ ನಾನು ಮೇಲಿನ ಖಾನೆಯಲ್ಲಿದ್ದೇನೆ. ವಯಸ್ಸಾಗಿದೆ, ಅಂಚಿನ ಮದ್ದು ಹಳದಿಗಟ್ಟಿದೆ. ಹಾಳು ಎನ್ನಿಸಿಕೊಂಡು ಅಷ್ಟು ವರ್ಷ ಕೂತದ್ದಕ್ಕೆ ಬೇಸರವಿಲ್ಲ. ಮುನಿವೆಂಕಟಪ್ಪ ಅಂದು ನನ್ನನ್ನು ಕೆರೆದು ಕಿಟಕಿಗೆ ಹಾಕಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಮಾತ್ರ ಇಂದಿಗೂ ಹೆದರಿಕೆಯಾಗುತ್ತದೆ.

ಉತ್ತರ ಬಂದ ಆ ದಿನ ವಾರಿಜಾ ನನ್ನ ಲಕೋಟೆಯನ್ನೂ ಪೆನ್ನನ್ನೂ ಮುನಿವೆಂಕಟಪ್ಪನ ಮುಂದಿಟ್ಟು, "ನೀವೇ ತಿದ್ದಿ" ಎಂದರು. ಅವನು ಹಳೆಯ ಸಾಲನ್ನು ಹೊಡೆದುಹಾಕಿ, ಕೆಳಗೆ 'ಕೂದಲಲ್ಲ' ಎಂದು ಬರೆದು ಸಹಿ ಹಾಕಿದ. ಆಮೇಲೆ ತಲೆಯ ಟವೆಲ್ ಬಿಚ್ಚಿ, ಅದರಿಂದಲೇ ನನ್ನ ಲಕೋಟೆಯ ಧೂಳು ಒರೆಸಿದ.