ಡಿಸ್ಕಿನಲ್ಲಿದ್ದ ಸಾಲು

ಸುಗ್ಗಿಯ ಕಾಲ. ತೂಕದ ಮನೆಯ ಮುಂದೆ ಜೋಳ ತುಂಬಿದ ಟ್ರ್ಯಾಕ್ಟರುಗಳು ಬೆಳಗಿನಿಂದಲೇ ಸಾಲುಗಟ್ಟಿದ್ದವು. ಒಳಗೆ ಕಂಪ್ಯೂಟರು ಮತ್ತೆ ಕೈಕೊಟ್ಟು, ನಿನ್ನೆಯ ತೂಕಗಳನ್ನೆಲ್ಲ ನುಂಗಿಹಾಕಿತ್ತು.

"ಡಿಸ್ಕ್ ಹಳೇದಾಯ್ತು ಅಕ್ಕ," ಎಂದ ರಿಪೇರಿಯವನು. "ತೆಗೆದುಬಿಟ್ರೆ ಕಂಪ್ಯೂಟರು ಆಫೀಸಿನ ಸರ್ವರ್‌ನಿಂದಲೇ, ನೆಟ್‌ವರ್ಕ್ ಮೇಲೆ ಶುರುವಾಗತ್ತೆ. ತೂಕ ಎಲ್ಲೂ ಹೋಗಲ್ಲ. ಹಳೇ ಡಿಸ್ಕೇ ಇರಲಿ ಅಂದ್ರೆ ನೀವೇ ಹೊಣೆ."

ತೂಕದ ಅಕ್ಕ ಆರಿದ ಪರದೆಯತ್ತ ನೋಡಿದಳು. ಕಂಪ್ಯೂಟರು ಆನ್ ಮಾಡಿದಾಗಲೆಲ್ಲ ಮೂಡುವ 'ಅಕ್ಕಾ, ಸಿಟ್ಟು ಇಳೀತಾ?' ಎಂಬ ಸಾಲು ಆ ಡಿಸ್ಕಿನಲ್ಲಿತ್ತು. ಅವಳು ಮಾತು ಬಿಟ್ಟಿದ್ದಾಗ ತಮ್ಮ ಬರೆದಿಟ್ಟದ್ದು. ಇನ್ನೆರಡು ದಿನ ಸತಾಯಿಸೋಣವೆಂದು ಅವಳು ಬಿಗಿದುಕೊಂಡೇ ಇದ್ದಳು. ಅಷ್ಟರಲ್ಲಿ ಜ್ವರ ಅವನನ್ನು ಒಯ್ದಿತ್ತು.

"ಆ ಸಾಲು ಸರ್ವರ್‌ನಲ್ಲೂ ಬರೆದು ಹಾಕ್ತೀನಿ ಬಿಡಿ," ಎಂದ ಹಿಂದಿನ ರಿಪೇರಿಗಳಲ್ಲಿ ಅದನ್ನು ಕಂಡಿದ್ದ ರಿಪೇರಿಯವನು.

"ನೀನು ಬರೆದ್ರೆ ನೀನು ಕೇಳಿದ ಹಾಗಾಗತ್ತಪ್ಪ."

"ಅಕ್ಕೋ, ಒಳಗೇನು ಲಗ್ನದ ಮಾತುಕತೆನಾ?" ಹೊರಗಿನಿಂದ ಟ್ರ್ಯಾಕ್ಟರಿನವನು ಕೂಗಿದ. "ಬಿಸಿಲಿಗೆ ಜೋಳದ ಬದಲು ನಾವೇ ಅರಳಾಗ್ತಾ ಇದ್ದೀವಿ!"

ಅವಳು ಕಿಟಕಿಯಾಚೆ ನೋಡಿದಳು. "ತೆಗಿ. ಅವರ ತೂಕ ಹೋಗಬಾರದು. ಒಂದು ಸಲ ಆನ್ ಮಾಡಿ, ಆಮೇಲೆ ತೆಗಿ."

ಸಾಲು ಮೂಡಿತು. ಹೂಂ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ತೂಕದ ಪುಟ ಬಂದು ಆ ಸಾಲನ್ನು ಮುಚ್ಚಿತು. ರಿಪೇರಿಯವನು ಸ್ಕ್ರೂಡ್ರೈವರ್ ಎತ್ತಿಕೊಂಡ.